ಒಂದು ‘ಟಕ್’ ಸದ್ದಿನ ಚರಿತ್ರೆ: ಹಳೇ ಕಾರಿನ ಬೆಲ್ಟ್ ಲಾಕ್ ಬಗ್ಗೆ ಒಂದಿಷ್ಟು

ನಮ್ಮ ಕಡೆ ಸೆಕೆಂಡ್ ಹ್ಯಾಂಡ್ ಕಾರು ನೋಡಲು ಹೋಗುವವರು ಗೊತ್ತಿರುವ ಮೆಕ್ಯಾನಿಕ್ ಒಬ್ಬರನ್ನು ಜೊತೆಗೆ ಕರೆದುಕೊಂಡು ಹೋಗುತ್ತಾರೆ. ಬಾನೆಟ್ ಎತ್ತಿಸಿ ಇಂಜಿನ್ ಸದ್ದು ಕೇಳುತ್ತಾರೆ. ಸೈಲೆನ್ಸರ್ ಹೊಗೆ ಯಾವ ಬಣ್ಣಕ್ಕಿದೆ ಎಂದು ನೋಡುತ್ತಾರೆ. ಬಾಗಿಲ ಅಂಚಿನ ರಬ್ಬರ್ ಎತ್ತಿ ತುಕ್ಕು ಹುಡುಕುತ್ತಾರೆ. ಸ್ಟೆಪ್ನಿ, ಜಾಕಿ, ಎ.ಸಿ., ಆರ್.ಸಿ., ಇನ್ಶೂರೆನ್ಸ್ ಎಲ್ಲದರ ವಿಚಾರಣೆ ಆಗುತ್ತದೆ. ಸೀಟ್ ಬೆಲ್ಟ್ ಎಳೆದು, ಲಾಕಿಗೆ ಹಾಕಿ, ಎರಡು ಸಲ ಜೋರಾಗಿ ಜಗ್ಗಿ ನೋಡುವವರು ಮಾತ್ರ ನಮ್ಮ ಕಣ್ಣಿಗೆ ಬಿದ್ದಿರುವುದು ಬೆರಳೆಣಿಕೆಯಷ್ಟು.

ಹತ್ತು ಹದಿನೈದು ವರ್ಷ ಓಡಿದ ಕಾರುಗಳಲ್ಲಿ ಈ ಲಾಕ್ ಹಲವು ರೀತಿಯಲ್ಲಿ ಕೈಕೊಡುತ್ತದೆ. ಬೆಲ್ಟಿನ ತುದಿಯ ಲೋಹದ ನಾಲಿಗೆ ಒಳಗೆ ಹೋಗುತ್ತದೆ, ಸದ್ದು ಬರುವುದಿಲ್ಲ. ಸದ್ದು ಬಂದರೂ ಜಗ್ಗಿದ ಕೂಡಲೇ ಕಳಚಿಕೊಳ್ಳುತ್ತದೆ. ಕೆಲವದರಲ್ಲಿ ಕೆಂಪು ಗುಂಡಿ ಎಷ್ಟು ಒತ್ತಿದರೂ ಬೆಲ್ಟ್ ಬಿಡುವುದಿಲ್ಲ. ಆಗ ಬಹಳ ಮಂದಿ ಮಾಡುವ ಉಪಾಯ ಒಂದೇ. ಬೆಲ್ಟನ್ನು ಎದೆಯ ಮೇಲೆ ಹಾಯಿಸಿ, ತುದಿಯನ್ನು ತೊಡೆಯ ಕೆಳಗೆ ಸಿಕ್ಕಿಸಿಕೊಳ್ಳುವುದು. ಸರ್ಕಲ್ಲಿನಲ್ಲಿ ನಿಂತ ಪೊಲೀಸರಿಗೆ ಬೆಲ್ಟ್ ಹಾಕಿದಂತೆಯೇ ಕಾಣುತ್ತದೆ. ಗಾಡಿ ಎಲ್ಲಾದರೂ ಗುದ್ದಿದರೆ ಆ ಬೆಲ್ಟ್ ಇದ್ದೂ ಇಲ್ಲದಂತೆ.

ಪುಸ್ತಕದಲ್ಲಿ ಇದಕ್ಕೆ ಬಕಲ್ ಎನ್ನುತ್ತಾರೆ, ನಮ್ಮ ಗ್ಯಾರೇಜುಗಳಲ್ಲಿ ಬೆಲ್ಟ್ ಲಾಕ್. ಅಂಗೈಯಲ್ಲಿ ಹಿಡಿಯುವಷ್ಟು ಚಿಕ್ಕ ಸಾಮಾನು. ಇದರ ಚರಿತ್ರೆ ಓದುತ್ತಾ ಹೋದರೆ ಒಂದು ವಿಷಯ ಮತ್ತೆ ಮತ್ತೆ ಎದುರಾಗುತ್ತದೆ. ಬೆಲ್ಟ್ ಹಾಕದ ಜನರ ಬಗ್ಗೆ ಎಲ್ಲ ದೇಶಗಳಲ್ಲೂ ಧಾರಾಳವಾಗಿ ಮಾತು ಕೇಳಿಬಂದಿದೆ. ಹಾಕಲು ಹೊರಟವರಿಗೆ ಬಕಲ್ ಸಹಕರಿಸುತ್ತದೆಯೇ ಎಂದು ಕೇಳಿದವರು ಕಡಿಮೆ. ಕೇಳಿದಾಗಲೆಲ್ಲ ಬೆಲ್ಟ್ ಒಂದು ಹೆಜ್ಜೆ ಸುಧಾರಿಸಿದೆ.

ಹಿಡಿಯಬೇಕು, ಬಿಡಲೂಬೇಕು

ದನ ಕಟ್ಟುವವರಿಗೆ ಬಕಲಿನ ಕೆಲಸವನ್ನು ವಿವರಿಸಿ ಹೇಳಬೇಕಿಲ್ಲ. ಎತ್ತು ಎಳೆದಷ್ಟೂ ಬಿಗಿಯಾಗುವ, ಆದರೆ ಹಗ್ಗದ ಬಾಲ ಹಿಡಿದು ಒಮ್ಮೆ ಎಳೆದರೆ ಸರಕ್ಕನೆ ಬಿಚ್ಚಿಕೊಳ್ಳುವ ಗಂಟು ಹಾಕುತ್ತಾರೆ. ಕೊಟ್ಟಿಗೆಗೆ ಬೆಂಕಿ ಬಿದ್ದಾಗ ಗಂಟು ಬಿಡಿಸುತ್ತಾ ಕೂರಲು ಆಗುವುದಿಲ್ಲ ತಾನೇ? ಬಕಲ್ ಮಾಡಬೇಕಾದ್ದೂ ಇದನ್ನೇ. ಗುದ್ದಿದ ಕ್ಷಣದಲ್ಲಿ ಮನುಷ್ಯನ ತೂಕದ ಹತ್ತಾರು ಪಟ್ಟು ಬಲ ಬಿದ್ದರೂ ಬಿಡಬಾರದು. ಗಾಡಿ ನಿಂತ ಮರುಕ್ಷಣ ಒಂದೇ ಬೆರಳಿಗೆ ಬಿಡಬೇಕು. ಈ ಎರಡನ್ನೂ ಒಂದೇ ಸಾಮಾನಿನಲ್ಲಿ ತರಲು ಹಲವು ದಶಕ ಹಿಡಿದವು.

ದೇಹವನ್ನು ಬಿಗಿದು ಹಿಡಿಯುವ ಪಟ್ಟಿಗೆ ಪೇಟೆಂಟ್ ಸಿಕ್ಕಿದ್ದು ಕಾರುಗಳು ಬೀದಿಗೆ ಬರುವ ಮೊದಲೇ. ನ್ಯೂಯಾರ್ಕಿನ ಎಡ್ವರ್ಡ್ ಕ್ಲಾಗಾರ್ನ್ ಎಂಬವರಿಗೆ 1885ರ ಫೆಬ್ರವರಿಯಲ್ಲಿ ಅಮೆರಿಕದ ಪೇಟೆಂಟ್ ಸಿಕ್ಕಿತು. ಕೊಕ್ಕೆಗಳಿದ್ದ ಆ ಪಟ್ಟಿಯಿಂದ ಮನುಷ್ಯ ತನ್ನನ್ನು ಒಂದು ಗಟ್ಟಿ ವಸ್ತುವಿಗೆ ಸಿಕ್ಕಿಸಿಕೊಳ್ಳಬಹುದಿತ್ತು. ಆಮೇಲೆ ವಿಮಾನಗಳು ಬಂದವು. ಮೇಲ್ಛಾವಣಿ ಇಲ್ಲದ ಆ ಕಾಲದ ವಿಮಾನಗಳಲ್ಲಿ ಪೈಲಟ್ ಕೆಳಗೆ ಬೀಳದಿರಲಿ ಎಂದು ಸೊಂಟಕ್ಕೆ ಬೆಲ್ಟ್ ಕಟ್ಟುತ್ತಿದ್ದರು. ಡಿಕ್ಕಿಯಾದಾಗ ಆ ಬೆಲ್ಟ್ ದೇಹಕ್ಕೆ ಏನು ಮಾಡೀತು ಎಂಬ ಯೋಚನೆ ಆಗ ಯಾರ ತಲೆಯಲ್ಲೂ ಇದ್ದಂತಿಲ್ಲ.

ಆ ಯೋಚನೆ ಬಂದದ್ದು ಹಾಗೆ ಬಿದ್ದು ಬದುಕಿದ ಒಬ್ಬರಿಗೆ. ಹ್ಯೂ ಡಿಹೇವನ್ ಎಂಬ ಅಮೆರಿಕದ ಯುವಕ ಮೊದಲ ಮಹಾಯುದ್ಧದ ಹೊತ್ತಿನಲ್ಲಿ ರಾಯಲ್ ಫ್ಲೈಯಿಂಗ್ ಕೋರ್ ಸೇರಿದ್ದರು. 1917ರಲ್ಲಿ ತರಬೇತಿ ಹಾರಾಟದ ನಡುವೆ ಎರಡು ವಿಮಾನಗಳು ಡಿಕ್ಕಿಯಾದವು. ಡಿಹೇವನ್ ಬದುಕಿದರು, ಆದರೆ ಹೊಟ್ಟೆಯ ಒಳಗಿನ ಅಂಗಾಂಗಗಳಿಗೆ ತೀವ್ರ ಪೆಟ್ಟಾಗಿತ್ತು. ಆಸ್ಪತ್ರೆಯಲ್ಲಿ ಮಲಗಿ ಅವರು ಲೆಕ್ಕ ಹಾಕಿದರು. ತನ್ನ ಗಾಯಗಳು ಇರುವ ಜಾಗಕ್ಕೂ, ಬೆಲ್ಟಿನ ಮುಂದೆ ಚಾಚಿಕೊಂಡಿದ್ದ ಬಕಲಿನ ಜಾಗಕ್ಕೂ ಹೊಂದುತ್ತದೆ ಎಂಬ ತೀರ್ಮಾನಕ್ಕೆ ಬಂದರು. ಹಿಡಿದು ಕಾಪಾಡಬೇಕಾದ ಸಾಮಾನೇ ಒಳಗೆ ಚುಚ್ಚಿತ್ತು.

ಆಗಿನ ಕಾಲಕ್ಕೆ ಇದು ವಿಚಿತ್ರವಾದ ಮಾತು. ಬಿದ್ದರೆ ಸಾಯುತ್ತಾರೆ, ಬದುಕಿದರೆ ಅದೃಷ್ಟ ಎಂದು ಎಲ್ಲರೂ ನಂಬಿದ್ದರು. ಡಿಹೇವನ್ ಆ ನಂಬಿಕೆಯನ್ನು ಬಿಟ್ಟು, ಎತ್ತರದಿಂದ ಬಿದ್ದೂ ಬದುಕಿದವರ ವಿವರಗಳನ್ನು ಒಂದೊಂದಾಗಿ ಕಲೆಹಾಕಿದರು. 50 ಅಡಿಯಿಂದ 150 ಅಡಿ ಎತ್ತರದಿಂದ ಬಿದ್ದು ಬದುಕಿದವರ ಬಗ್ಗೆ 1942ರಲ್ಲಿ ಪ್ರಬಂಧ ಪ್ರಕಟಿಸಿದರು. ಕಾರ್ನೆಲ್ ವಿಶ್ವವಿದ್ಯಾಲಯದ ವೈದ್ಯಕೀಯ ಕಾಲೇಜಿನಲ್ಲಿ ಅಪಘಾತದ ಗಾಯಗಳನ್ನು ಅಧ್ಯಯನ ಮಾಡುವ ಯೋಜನೆ ಶುರು ಮಾಡಿದರು. ಅಪಘಾತ ಯಾಕಾಯಿತು ಎಂದು ಕೇಳುವುದು ಪೊಲೀಸರ ಕೆಲಸ. ಗಾಯ ಯಾವ ವಸ್ತುವಿನಿಂದ ಆಯಿತು ಎಂದು ಕೇಳುವುದು ಇನ್ನೊಂದು ಕೆಲಸ. ಈ ಎರಡನೆಯ ಕೆಲಸವನ್ನು ಒಂದು ಶಿಸ್ತಾಗಿ ಬೆಳೆಸಿದವರಲ್ಲಿ ಡಿಹೇವನ್ ಮೊದಲಿಗರು. ಅದರ ಬೇರು ಒಂದು ಬಕಲಿನಲ್ಲಿತ್ತು.

ಕಾರಿಗೆ ಬಂದ ಬೆಲ್ಟ್

ಕಾರಿನಲ್ಲಿ ಬೆಲ್ಟ್ ಕೊಡಲು ಶುರು ಮಾಡಿದ್ದು ಅಮೆರಿಕದ ಕಂಪನಿಗಳು. ನ್ಯಾಶ್ ಕಂಪನಿ 1949ರ ಹೊತ್ತಿಗೆ, ಫೋರ್ಡ್ 1956ರ ಮಾದರಿಗಳಲ್ಲಿ, ಬೇಕೆಂದವರಿಗೆ ಸೊಂಟದ ಬೆಲ್ಟ್ ಒದಗಿಸಿದವು. ವಿಮಾನದಲ್ಲಿ ಈಗಲೂ ಕಾಣುವಂಥದ್ದು. ಸೊಂಟವನ್ನು ಹಿಡಿಯುತ್ತಿತ್ತು, ಎದೆ ಮತ್ತು ತಲೆ ಮುಂದೆ ಬಾಗಿ ಸ್ಟಿಯರಿಂಗಿಗೆ ಬಡಿಯುವುದನ್ನು ತಡೆಯುತ್ತಿರಲಿಲ್ಲ.

ಬೆಲ್ಟ್ ಬಿಗಿದ ಮನುಷ್ಯ ಎಷ್ಟು ಬಲ ತಡೆದುಕೊಳ್ಳಬಲ್ಲ ಎಂಬುದನ್ನು ತನ್ನ ಮೈಮೇಲೆಯೇ ಪ್ರಯೋಗ ಮಾಡಿ ತೋರಿಸಿದವರು ಅಮೆರಿಕದ ವಾಯುಪಡೆಯ ವೈದ್ಯ ಜಾನ್ ಪಾಲ್ ಸ್ಟ್ಯಾಪ್. 1954ರ ಡಿಸೆಂಬರ್ 10ರಂದು ನ್ಯೂ ಮೆಕ್ಸಿಕೋದ ಹಾಲೊಮನ್ ನೆಲೆಯಲ್ಲಿ ರಾಕೆಟ್ ಕಟ್ಟಿದ ಹಳಿಬಂಡಿಯ ಮೇಲೆ ಕೂತು ಗಂಟೆಗೆ 632 ಮೈಲಿ, ಅಂದರೆ ಸುಮಾರು 1017 ಕಿ.ಮೀ. ವೇಗ ಮುಟ್ಟಿದರು. ಆ ವೇಗದಿಂದ ಬಂಡಿ ನಿಂತದ್ದು 1.4 ಸೆಕೆಂಡಿನಲ್ಲಿ. ಅವರ ದೇಹದ ಮೇಲೆ ಗುರುತ್ವದ 46 ಪಟ್ಟು ಬಲ ಬಿತ್ತು. ಕಣ್ಣಿನ ರಕ್ತನಾಳಗಳು ಒಡೆದವು, ಆದರೂ ಬದುಕಿದರು. ಪಟ್ಟಿ ಮತ್ತು ಬಕಲ್ ಸರಿಯಾಗಿ ಹಿಡಿದರೆ ಮನುಷ್ಯನ ದೇಹ ಅಂದುಕೊಂಡದ್ದಕ್ಕಿಂತ ಗಟ್ಟಿ ಎಂಬುದು ಸಾಬೀತಾಯಿತು. ಯುದ್ಧವಿಮಾನಕ್ಕಿಂತ ಕಾರು ಅಪಘಾತದಲ್ಲಿಯೇ ವಾಯುಪಡೆ ಹೆಚ್ಚು ಜನರನ್ನು ಕಳೆದುಕೊಳ್ಳುತ್ತಿದೆ ಎಂದು ಹೇಳಿ, ಕಾರು ಡಿಕ್ಕಿಯ ಸಂಶೋಧನೆಗೆ ಒತ್ತು ಕೊಟ್ಟವರೂ ಇವರೇ.

ಡಿಹೇವನ್ ಮತ್ತು ರೋಜರ್ ಗ್ರಿಸ್ವೋಲ್ಡ್ ಸೇರಿ ಮೂರು ಕಡೆ ಹಿಡಿಯುವ ಬೆಲ್ಟಿಗೆ 1950ರ ದಶಕದಲ್ಲಿ ಪೇಟೆಂಟ್ ಪಡೆದರು. ಸೊಂಟಕ್ಕೂ ಎದೆಗೂ ಆಸರೆ ಇತ್ತು. ಆದರೆ ಎಲ್ಲ ಪಟ್ಟಿಗಳೂ ಹೊಟ್ಟೆಯ ಮೇಲಿದ್ದ ಒಂದು ಬಕಲಿಗೆ ಬಂದು ಸೇರುತ್ತಿದ್ದವು. ಸ್ವೀಡನ್ನಿನಲ್ಲಿ ವೋಲ್ವೋ ಕಂಪನಿಯ ಕಾರುಗಳಲ್ಲಿ ಆ ಹೊತ್ತಿಗೆ ಹೆಗಲಿನಿಂದ ಓರೆಯಾಗಿ ಬರುವ ಬೆಲ್ಟ್ ಇತ್ತು. ಅದರ ಬಕಲ್ ಪಕ್ಕೆಲುಬಿನ ಎತ್ತರಕ್ಕೆ ಬರುತ್ತಿತ್ತು, ಡಿಕ್ಕಿಯಾದಾಗ ಮೆತ್ತಗಿನ ಅಂಗಗಳಿಗೆ ಪೆಟ್ಟು ಮಾಡುತ್ತಿತ್ತು. 1917ರಲ್ಲಿ ಡಿಹೇವನ್ ಹೊಟ್ಟೆಯಲ್ಲಿ ಕಂಡ ತೊಂದರೆ 40 ವರ್ಷ ಕಳೆದರೂ ಜಾಗ ಬದಲಿಸಿಕೊಂಡು ಉಳಿದೇ ಇತ್ತು.

1958ರಲ್ಲಿ ವೋಲ್ವೋ ಕಂಪನಿ ಸುರಕ್ಷತೆಯ ಕೆಲಸಕ್ಕೆಂದು ನಿಲ್ಸ್ ಬೋಲಿನ್ ಎಂಬ ಇಂಜಿನಿಯರನ್ನು ಸೇರಿಸಿಕೊಂಡಿತು. ಅದಕ್ಕೂ ಮೊದಲು ಬೋಲಿನ್ ಸಾಬ್ ಕಂಪನಿಯಲ್ಲಿ ಯುದ್ಧವಿಮಾನದಿಂದ ಪೈಲಟ್ ಸಮೇತ ಸಿಡಿದು ಹೊರಬರುವ ಸೀಟುಗಳ ಕೆಲಸ ಮಾಡಿದ್ದವರು. ಪೈಲಟ್ ಜೀವ ಉಳಿಸಿಕೊಳ್ಳಲು ಎಷ್ಟು ಬೆಲ್ಟ್ ಬೇಕಾದರೂ ಬಿಗಿಸಿಕೊಳ್ಳುತ್ತಾನೆ, ಮನೆಯಿಂದ ಪೇಟೆಗೆ ಹೋಗುವವರು ಒಂದು ನಿಮಿಷವನ್ನೂ ಕೊಡುವುದಿಲ್ಲ ಎಂಬುದು ಅವರಿಗೆ ಗೊತ್ತಿತ್ತು. ಒಂದು ಕೈಯಲ್ಲಿ, ಒಂದು ಎಳೆತದಲ್ಲಿ ಮುಗಿಯಬೇಕು ಎಂದು ನಿರ್ಧರಿಸಿದರು. ಸೊಂಟದ ಪಟ್ಟಿಯನ್ನೂ ಎದೆಯ ಪಟ್ಟಿಯನ್ನೂ ಒಂದೇ ಉದ್ದದ ಪಟ್ಟಿಯಾಗಿ ಮಾಡಿ, ಎರಡೂ ಸೇರುವ ಬಿಂದುವನ್ನು ಹೊಟ್ಟೆ ಮತ್ತು ಪಕ್ಕೆಲುಬಿನಿಂದ ಸರಿಸಿ ಸೊಂಟದ ಬದಿಗೆ, ಸೀಟಿನ ಪಕ್ಕಕ್ಕೆ ಇಳಿಸಿದರು. ನಾವು ಇವತ್ತು ‘ಟಕ್’ ಎಂದು ಹಾಕುವ ಬಕಲ್ ಇರುವ ಜಾಗ ಅದೇ. ಗಟ್ಟಿ ಮೂಳೆಯ ಪಕ್ಕ, ಕೈಗೆ ಎಟಕುವಲ್ಲಿ.

1959ರ ಆಗಸ್ಟ್ 13ರಂದು ಸ್ವೀಡನ್ನಿನ ಕ್ರಿಸ್ಟಿಯನ್‌ಸ್ಟಾಡ್ ಊರಿನ ಡೀಲರಿಗೆ ಈ ಬೆಲ್ಟ್ ಇದ್ದ ಮೊದಲ ವೋಲ್ವೋ ಕಾರು ತಲುಪಿತು. ಬೋಲಿನ್‌ಗೆ 1962ರಲ್ಲಿ ಅಮೆರಿಕದ ಪೇಟೆಂಟ್ ಸಿಕ್ಕಿತು. ವೋಲ್ವೋ ಆ ವಿನ್ಯಾಸವನ್ನು ಬೇರೆ ಕಂಪನಿಗಳೂ ಬಳಸಿಕೊಳ್ಳಲು ಬಿಟ್ಟಿತು. ಸ್ವೀಡನ್ನಿನ 28,000ಕ್ಕೂ ಹೆಚ್ಚು ಅಪಘಾತಗಳ ವಿವರ ಕಲೆಹಾಕಿ ತಯಾರಿಸಿದ ವರದಿಯನ್ನು 1967ರಲ್ಲಿ ಅಮೆರಿಕದಲ್ಲಿ ಮಂಡಿಸಿ, ಬೆಲ್ಟ್ ಕೆಲಸ ಮಾಡುತ್ತದೆ ಎಂಬುದನ್ನು ಅಂಕಿ ಸಮೇತ ತೋರಿಸಿತು.

ಕೆಂಪು ಗುಂಡಿಯ ನಿಯಮಗಳು

ಅಮೆರಿಕದಲ್ಲಿ 1968ರ ಜನವರಿ 1ರಿಂದ ಹೊಸ ಕಾರುಗಳಲ್ಲಿ ಬೆಲ್ಟ್ ಇರಲೇಬೇಕೆಂಬ ನಿಯಮ ಬಂತು. ಬಕಲಿಗೂ ಪ್ರತ್ಯೇಕ ಮಾನದಂಡ ಬಂತು. ಪರೀಕ್ಷೆಯಲ್ಲಿ ಬಲ ಹಾಕಿದ ಮೇಲೂ ಸುಮಾರು 13 ಕೆ.ಜಿ. ತೂಕದಷ್ಟು ಒತ್ತಿದರೆ ಬಿಡಬೇಕು, ಅದಕ್ಕಿಂತ ಹೆಚ್ಚು ಒತ್ತಡ ಕೇಳಬಾರದು ಎಂದು ಬರೆದರು. ಯುರೋಪಿನ ನಿಯಮ ಇನ್ನೂ ಬಿಗಿ. ಡಿಕ್ಕಿ ಪರೀಕ್ಷೆ ಮಾಡುವ ಮೊದಲೇ ಬಕಲನ್ನು 5,000 ಸಲ ಹಾಕಿ ತೆಗೆಯಬೇಕು. ಬಿಡಿಸುವ ಗುಂಡಿ ಕೆಂಪಗಿರಬೇಕು, ಬಕಲಿನ ಬೇರೆ ಯಾವ ಭಾಗವೂ ಆ ಬಣ್ಣದ್ದಿರಬಾರದು. ಅಪಘಾತವಾದ ಕಾರಿನೊಳಗೆ ಇಣುಕಿದ ಅಪರಿಚಿತನಿಗೂ ಎಲ್ಲಿ ಒತ್ತಬೇಕು ಎಂದು ಗೊತ್ತಾಗಲಿ ಎಂಬುದು ಇದರ ಉಪಯೋಗ.

5,000 ಎಂಬ ಅಂಕಿಯನ್ನು ನಮ್ಮ ಬಳಕೆಗೆ ಹಚ್ಚಿ ನೋಡೋಣ. ದಿನಕ್ಕೆ ಎರಡು ಸಲ ಹಾಕಿದರೆ 5,000 ಸಲ ಆಗಲು ಏಳು ವರ್ಷ ಸಾಕು. ಸವಾರಿ ಹತ್ತಿಸಿ ಇಳಿಸುವ ಟ್ಯಾಕ್ಸಿಯಾದರೆ ಒಂದೇ ವರ್ಷದಲ್ಲಿ ಆಗಬಹುದು. 5,001ನೇ ಸಲ ಬಕಲ್ ಕೈಕೊಡುತ್ತದೆ ಎಂದು ಇದರ ಅರ್ಥವಲ್ಲ, ಒಳ್ಳೆಯ ಬಕಲ್ ಅದಕ್ಕಿಂತ ಬಹಳ ಹೆಚ್ಚು ಬಾಳುತ್ತದೆ. ಇಂಜಿನ್ ಆಯಿಲ್, ಬ್ರೇಕ್ ಪ್ಯಾಡ್‌ಗಳಂತೆ ಇದೂ ಸವೆಯುವ ಸಾಮಾನು ಎಂಬುದು ಇಲ್ಲಿ ನೆನಪಿಡಬೇಕಾದ ಮಾತು.

ಬಕಲ್ ಇದ್ದ ಮೇಲೆ ಅದನ್ನು ಹಾಕಿಸುವ ಕಾನೂನು ಬಂತು. ಆಸ್ಟ್ರೇಲಿಯಾದ ವಿಕ್ಟೋರಿಯಾ ರಾಜ್ಯ 1970ರ ಡಿಸೆಂಬರಿನಲ್ಲಿ ಬೆಲ್ಟ್ ಧರಿಸುವುದನ್ನು ಜಗತ್ತಿನಲ್ಲೇ ಮೊದಲ ಬಾರಿಗೆ ಕಡ್ಡಾಯ ಮಾಡಿತು. ಅಮೆರಿಕ ಬೇರೆ ದಾರಿ ಹಿಡಿದು, 1974ರ ಮಾದರಿಯ ಕಾರುಗಳಲ್ಲಿ ಬೆಲ್ಟ್ ಹಾಕದಿದ್ದರೆ ಇಂಜಿನ್ನೇ ಸ್ಟಾರ್ಟ್ ಆಗದ ವ್ಯವಸ್ಥೆ ತಂದಿತು. ಜನ ರೇಗಿದರು. ಅದೇ ವರ್ಷದ ಅಕ್ಟೋಬರಿನಲ್ಲಿ ಅಲ್ಲಿನ ಸಂಸತ್ತು ಆ ನಿಯಮವನ್ನು ಕಿತ್ತುಹಾಕಿತು. ಬ್ರಿಟನ್ನಿನಲ್ಲಿ ಮುಂದಿನ ಸೀಟಿನವರಿಗೆ ಬೆಲ್ಟ್ ಕಡ್ಡಾಯವಾದದ್ದು 1983ರ ಜನವರಿ 31ರಿಂದ. ಈ ಎಲ್ಲ ವರ್ಷಗಳಲ್ಲಿ ಚರ್ಚೆ ನಡೆದದ್ದು ಹಾಕುವವರ ಮನಸ್ಸಿನ ಬಗ್ಗೆ. ಬಕಲ್ ಮಾತ್ರ ಸರಿಯಾಗಿಯೇ ಇರುತ್ತದೆ ಎಂದು ಎಲ್ಲರೂ ನಂಬಿಕೊಂಡಿದ್ದರು.

84 ಲಕ್ಷ ಕಾರುಗಳ ಪ್ಲಾಸ್ಟಿಕ್ ಗುಂಡಿ

ಆ ನಂಬಿಕೆ 1995ರಲ್ಲಿ ಅಲುಗಾಡಿತು. ಹಳೆಯ ಕಾರಿನ ಬಕಲ್ ಯಾಕೆ ಕೆಡುತ್ತದೆ ಎಂದು ತಿಳಿಯಬೇಕಾದವರು ನೋಡಲೇಬೇಕಾದ ಪ್ರಕರಣ ಇದು.

ಅಮೆರಿಕದ ರಸ್ತೆ ಸುರಕ್ಷತಾ ಇಲಾಖೆಗೆ ಹೋಂಡಾ ಕಾರುಗಳ ಮಾಲೀಕರಿಂದ ದೂರುಗಳು ಬಂದವು. ಬೆಲ್ಟ್ ಲಾಕ್ ಬೀಳುತ್ತಿಲ್ಲ, ಬಿದ್ದದ್ದು ತಾನಾಗಿ ಬಿಟ್ಟುಕೊಳ್ಳುತ್ತಿದೆ ಎಂಬ ದೂರುಗಳು. ತನಿಖೆ ನಡೆಯಿತು. ಬಕಲ್ ತಯಾರಿಸಿದ್ದು ಜಪಾನಿನ ತಕಾಟಾ ಕಂಪನಿ. ಹೋಂಡಾ ಮಾತ್ರವಲ್ಲದೆ ಇತರ ಕಂಪನಿಗಳ ಕಾರುಗಳಲ್ಲೂ, ಮುಖ್ಯವಾಗಿ ಜಪಾನಿನವುಗಳಲ್ಲಿ, ಅದೇ ಬಕಲ್ ಇತ್ತು. ಒಳಗಿನ ಉಕ್ಕು ಗಟ್ಟಿಯಾಗಿಯೇ ಇತ್ತು. ತೊಂದರೆ ಇದ್ದದ್ದು ಕೆಂಪು ಗುಂಡಿಯ ಪ್ಲಾಸ್ಟಿಕ್ಕಿನಲ್ಲಿ. ಎ.ಬಿ.ಎಸ್. ಎಂಬ ಆ ಪ್ಲಾಸ್ಟಿಕ್ ವರ್ಷಗಟ್ಟಲೆ ಬಿಸಿಲಿನ ನೇರಳಾತೀತ ಕಿರಣಕ್ಕೆ ಒಡ್ಡಿಕೊಂಡು ಹಪ್ಪಳದಂತಾಗಿತ್ತು. ಒತ್ತಿದಾಗ ಚೂರು ಮುರಿದು ಒಳಗೆ ಬೀಳುತ್ತಿತ್ತು. ಆ ಚೂರು ಕೊಂಡಿಯ ದಾರಿಗೆ ಅಡ್ಡ ಬಂದರೆ ಲಾಕ್ ಪೂರ್ತಿ ಕೂರುತ್ತಿರಲಿಲ್ಲ. ಕೂತಂತೆ ಕಂಡರೂ ಎಳೆತಕ್ಕೆ ಕಳಚುತ್ತಿತ್ತು.

1986ರಿಂದ 1991ರ ನಡುವೆ ತಯಾರಾದ 84 ಲಕ್ಷಕ್ಕೂ ಹೆಚ್ಚು ವಾಹನಗಳನ್ನು ವಾಪಸ್ ಕರೆದು ದುರಸ್ತಿ ಮಾಡಿಕೊಡುವುದಾಗಿ ಕಂಪನಿಗಳು ಒಪ್ಪಿಕೊಂಡವು. ಅಮೆರಿಕದ ಚರಿತ್ರೆಯಲ್ಲಿ ಅಲ್ಲಿಯವರೆಗಿನ ಅತಿ ದೊಡ್ಡ ವಾಪಸಾತಿಗಳಲ್ಲಿ ಅದೂ ಒಂದು. ದೋಷವನ್ನು ಸಕಾಲಕ್ಕೆ ತಿಳಿಸಲಿಲ್ಲ ಎಂದು ತಕಾಟಾ ಮತ್ತು ಹೋಂಡಾ ಎರಡಕ್ಕೂ ದಂಡ ಬಿತ್ತು. ಕರೆದರೂ ಎಲ್ಲರೂ ಬರಲಿಲ್ಲ. ಎರಡು ವರ್ಷ ಕಳೆದ ಮೇಲೂ ದುರಸ್ತಿಯಾದ ವಾಹನಗಳು ಐದರಲ್ಲಿ ಒಂದು ಪಾಲಿಗಿಂತ ಕಡಿಮೆ.

ದೂರು ಕೊಟ್ಟ ಆ ಜನ ಬೆಲ್ಟ್ ಹಾಕಿಕೊಳ್ಳಲು ಒಪ್ಪದವರಲ್ಲ. ಹಾಕಲು ಹೋಗಿ ಆಗದವರು. ಅವರು ‘ಎಲ್ಲ ಹಳೇ ಕಾರುಗಳ ಹಣೆಬರಹ ಇಷ್ಟೇ’ ಎಂದು ತೊಡೆ ಕೆಳಗೆ ಬೆಲ್ಟ್ ಸಿಕ್ಕಿಸಿಕೊಂಡು ಸುಮ್ಮನಿದ್ದಿದ್ದರೆ ಈ ತನಿಖೆಯೇ ನಡೆಯುತ್ತಿರಲಿಲ್ಲ.

ನಮ್ಮ ದೇಶದಲ್ಲಿ

ನಮ್ಮಲ್ಲಿ ಕೇಂದ್ರ ಮೋಟಾರು ವಾಹನ ನಿಯಮಗಳು ಬಂದದ್ದು 1989ರಲ್ಲಿ. ಅವುಗಳ ತಿದ್ದುಪಡಿಯಂತೆ 1994ರ ಮಾರ್ಚ್ ನಂತರ ತಯಾರಾದ ಕಾರುಗಳ ಮುಂದಿನ ಸೀಟುಗಳಿಗೆ ಬೆಲ್ಟ್ ಕಡ್ಡಾಯವಾಯಿತು. ಹಿಂದಿನ ಸೀಟಿಗೆ ಆಮೇಲೆ ಬಂತು. 2019ರ ಜುಲೈ 1ರಿಂದ ಹೊಸ ಕಾರುಗಳಲ್ಲಿ ಮುಂದಿನ ಇಬ್ಬರೂ ಬೆಲ್ಟ್ ಹಾಕದಿದ್ದರೆ ಕೂಗುವ ಅಲಾರಂ ಕಡ್ಡಾಯ. ಅದೇ ವರ್ಷ ಮೋಟಾರು ವಾಹನ ಕಾಯ್ದೆಗೆ ಸೇರಿದ 194ಬಿ ಸೆಕ್ಷನ್ ಬೆಲ್ಟ್ ಹಾಕದವರಿಗೆ 1,000 ರೂಪಾಯಿ ದಂಡ ಗೊತ್ತುಮಾಡಿತು.

2022ರ ಸೆಪ್ಟೆಂಬರ್ 4ರಂದು ಮಹಾರಾಷ್ಟ್ರದ ಪಾಲ್ಘರ್ ಹತ್ತಿರ ಉದ್ಯಮಿ ಸೈರಸ್ ಮಿಸ್ತ್ರಿ ಕಾರಿನ ಹಿಂದಿನ ಸೀಟಿನಲ್ಲಿ ಬೆಲ್ಟ್ ಇಲ್ಲದೆ ಕೂತು ಪ್ರಾಣ ಕಳೆದುಕೊಂಡ ಮೇಲೆ ಹಿಂದಿನ ಸೀಟಿನ ಬೆಲ್ಟ್ ಬಗ್ಗೆ ದೇಶವೇ ಮಾತಾಡಿತು. ಆಗ ಹೊರಬಂದ ಇನ್ನೊಂದು ವಿಷಯ ಬಕಲಿಗೆ ಸಂಬಂಧಿಸಿದ್ದು. ಬೆಲ್ಟ್ ಹಾಕದೆಯೂ ಅಲಾರಂ ಬಾಯಿ ಮುಚ್ಚಿಸಲು ಬಕಲಿಗೆ ತೂರಿಸುವ ಸುಳ್ಳು ನಾಲಿಗೆಗಳು ಆನ್‌ಲೈನಿನಲ್ಲಿ ಮಾರಾಟವಾಗುತ್ತಿದ್ದವು. 2023ರ ಮೇ ತಿಂಗಳಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಐದು ಆನ್‌ಲೈನ್ ಮಾರಾಟ ಕಂಪನಿಗಳ ವಿರುದ್ಧ ಆದೇಶ ಹೊರಡಿಸಿತು. ಅಂಥ 13,118 ಮಾರಾಟದ ಪುಟಗಳನ್ನು ತೆಗೆದುಹಾಕಲಾಯಿತು.

ಕೇಂದ್ರ ರಸ್ತೆ ಸಾರಿಗೆ ಸಚಿವಾಲಯದ ವರದಿಯಂತೆ 2021ರಲ್ಲಿ ಸೀಟ್ ಬೆಲ್ಟ್ ಧರಿಸದೆ ಸತ್ತವರು 16,397 ಮಂದಿ. ಅದರಲ್ಲಿ 8,438 ಮಂದಿ ಚಾಲಕರು, 7,959 ಮಂದಿ ಪ್ರಯಾಣಿಕರು. ಈ ಅಂಕಿ ಓದುವಾಗ ನಮಗೆ ಡಿಹೇವನ್ ನೆನಪಾಗುತ್ತಾರೆ. ‘ಧರಿಸಿರಲಿಲ್ಲ’ ಎಂಬ ಒಂದೇ ಪದದಲ್ಲಿ ಸೋಮಾರಿತನದಿಂದ ಹಾಕದವರೂ ಇದ್ದಾರೆ, ಲಾಕ್ ಬೀಳದೆ ಕೈಬಿಟ್ಟವರೂ ಇರಬಹುದು. ಎರಡಕ್ಕೂ ಪರಿಹಾರ ಬೇರೆ ಬೇರೆ. ಮೊದಲನೆಯವರಿಗೆ ದಂಡ ಹಾಕಬಹುದು. ಎರಡನೆಯವರಿಗೆ ಬೇಕಾದ್ದು ಸ್ಪ್ಯಾನರ್.

ದೋಷವಿದ್ದ ವಾಹನವನ್ನು ವಾಪಸ್ ಕರೆಸುವ ಅಧಿಕಾರ ನಮ್ಮ ಕೇಂದ್ರ ಸರ್ಕಾರಕ್ಕೂ ಇದೆ. 2021ರ ಏಪ್ರಿಲ್ 1ರಿಂದ ಅದರ ನಿಯಮಗಳು ಜಾರಿಯಲ್ಲಿವೆ. ಆದರೆ ಅವು ಏಳು ವರ್ಷದೊಳಗಿನ ವಾಹನಗಳಿಗೆ ಮಾತ್ರ. ಬಿಸಿಲಿಗೆ ಪ್ಲಾಸ್ಟಿಕ್ ಹಪ್ಪಳವಾಗುವುದೂ, ಸ್ಪ್ರಿಂಗ್ ಸೋಲುವುದೂ ಶುರುವಾಗುವ ಹೊತ್ತಿಗೆ ಕಾರು ಆ ಗಡಿ ದಾಟಿರುತ್ತದೆ. ಮೊದಲನೆಯ ಮಾಲೀಕ ಮಾರಿರುತ್ತಾನೆ. ಎರಡನೆಯವನ ಕೈಯಿಂದ ಮೂರನೆಯವನ ಕೈಗೆ, ನಗರದಿಂದ ನಮ್ಮ ತಾಲ್ಲೂಕುಗಳಿಗೆ ಬಂದಿರುತ್ತದೆ. 15 ವರ್ಷ ತುಂಬಿದ ಮೇಲೆ ಆರ್.ಟಿ.ಒ. ಕಚೇರಿಯಲ್ಲಿ ಗಾಡಿ ತೋರಿಸಿ ನೋಂದಣಿಯನ್ನು 5 ವರ್ಷಕ್ಕೆ ನವೀಕರಿಸಬೇಕು. ಅಲ್ಲಿಯವರೆಗೆ ಈ ಲಾಕನ್ನು ನೋಡಬೇಕಾದವರು ಮಾಲೀಕರು ಮತ್ತು ಊರಿನ ಮೆಕ್ಯಾನಿಕ್ ಇಬ್ಬರೇ.

ಕೆಟ್ಟಾಗ ಮಾಡಬೇಕಾದ್ದು

ಬಕಲಿನ ಒಳಗಿರುವುದು ಒಂದು ಉಕ್ಕಿನ ಚೌಕಟ್ಟು, ನಾಲಿಗೆಯ ತೂತಿಗೆ ಸಿಕ್ಕಿಕೊಳ್ಳುವ ಒಂದು ಕೊಂಡಿ, ಕೊಂಡಿಯನ್ನು ಒತ್ತಿ ಹಿಡಿಯುವ ಒಂದು ಸ್ಪ್ರಿಂಗ್, ಗುಂಡಿ ಒತ್ತಿದಾಗ ನಾಲಿಗೆಯನ್ನು ಹೊರಗೆ ತಳ್ಳುವ ಇನ್ನೊಂದು ಸ್ಪ್ರಿಂಗ್. ಅಲಾರಂ ಇರುವ ಕಾರಿನಲ್ಲಿ ಜೊತೆಗೊಂದು ಚಿಕ್ಕ ಸ್ವಿಚ್. ‘ಟಕ್’ ಎಂಬ ಸದ್ದು ಕೊಂಡಿ ತನ್ನ ಜಾಗಕ್ಕೆ ಬಂದು ಕೂತ ಸದ್ದು.

ಪರೀಕ್ಷೆ ಸುಲಭ. ನಾಲಿಗೆ ತೂರಿಸಿ, ಸದ್ದು ಕೇಳಿಸಿಕೊಳ್ಳಿ. ನಾಲಿಗೆ ಹಿಡಿದು ಜೋರಾಗಿ ಮೇಲಕ್ಕೂ ಪಕ್ಕಕ್ಕೂ ಜಗ್ಗಿ. ಬಿಡಬಾರದು. ಗುಂಡಿ ಒತ್ತಿ. ನಾಲಿಗೆ ತಾನಾಗಿ ಚಿಮ್ಮಬೇಕು, ಎಳೆದು ತೆಗೆಯುವಂತಿರಬಾರದು. ಹತ್ತು ಸಲ ಮಾಡಿ. ಹತ್ತರಲ್ಲಿ ಒಂದು ಸಲ ತಪ್ಪಿದರೂ ಆ ಬಕಲ್ ಕೆಟ್ಟಿದೆ ಎಂದೇ ಲೆಕ್ಕ. ಗುಂಡಿಯಲ್ಲಿ ಬಿರುಕು ಇದೆಯೇ, ಬಣ್ಣ ಮಾಸಿ ಬಿಳುಚಿದೆಯೇ, ನಾಲಿಗೆ ಬಾಗಿದೆಯೇ ಎಂದೂ ನೋಡಿ.

ಲಾಕ್ ಬೀಳದಿರಲು ಸಾಮಾನ್ಯ ಕಾರಣ ಕಸ. ಸೀಟಿನ ಪಕ್ಕದಲ್ಲಿ ಬಾಯಿ ತೆರೆದು ನಿಂತಿರುವ ಬಕಲಿನೊಳಗೆ ಅಡಿಕೆ ಚೂರು, ಕಡಲೆಬೀಜದ ಸಿಪ್ಪೆ, ಬಿಸ್ಕತ್ತಿನ ಪುಡಿ, ಒಂದು ರೂಪಾಯಿ ನಾಣ್ಯ ಎಲ್ಲವೂ ಬೀಳುತ್ತವೆ. ಮೇಲೆ ಚೆಲ್ಲಿದ ಟೀ ಒಣಗಿ ಸಕ್ಕರೆ ಅಂಟಾಗಿ, ಅದಕ್ಕೆ ಕೆಮ್ಮಣ್ಣಿನ ಧೂಳು ಕೂತರೆ ಕೊಂಡಿ ಅಲುಗುವುದೇ ಇಲ್ಲ. ವಾಟರ್ ಸರ್ವಿಸ್ ಸ್ಟೇಷನ್ನಿನಲ್ಲಿ ವ್ಯಾಕ್ಯೂಮ್‌ನಿಂದ ಎಳೆಸಿ, ಆಮೇಲೆ ಗಾಳಿ ಹೊಡೆಸಿ. ನಾಣ್ಯ, ಸಿಪ್ಪೆ ಕಂಡರೆ ಸಣ್ಣ ಚಿಮಟದಿಂದ ತೆಗೆಯಬಹುದು. ಅಂಟು ಇದ್ದರೆ ಬಟ್ಟೆ ಅಥವಾ ಕಿವಿಗೆ ಹಾಕುವ ಹತ್ತಿ ಕಡ್ಡಿಯನ್ನು ಸೋಪಿನ ಬೆಚ್ಚನೆ ನೀರಿನಲ್ಲಿ ಅದ್ದಿ ಹಿಂಡಿ, ಬಾಯಿಯ ಒಳಗೂ ನಾಲಿಗೆಯ ಮೇಲೂ ಒರೆಸಿ, ಪೂರ್ತಿ ಒಣಗಲು ಬಿಡಿ. ಆಯಿಲ್, ಗ್ರೀಸ್ ಹಾಕಬೇಡಿ. ಎರಡು ದಿನ ನುಣುಪಾಗಿ ಓಡಾಡುತ್ತದೆ, ಆಮೇಲೆ ಅದೇ ಎಣ್ಣೆಗೆ ಧೂಳು ಮೆತ್ತಿಕೊಂಡು ಮೊದಲಿಗಿಂತ ಕೆಡುತ್ತದೆ.

ಇಷ್ಟಕ್ಕೂ ಸರಿಹೋಗದಿದ್ದರೆ ಬಿಚ್ಚಿ ಸ್ಪ್ರಿಂಗ್ ಬಗ್ಗಿಸುವ ಸಾಹಸ ಬೇಡ. ನಮ್ಮ ಊರಿನ ಹಳೆಯ ಮೆಕ್ಯಾನಿಕ್ ಒಬ್ಬರು ಹೇಳುವ ಮಾತು ಇದು: “ಬ್ರೇಕಿಗೂ ಇದಕ್ಕೂ ಒಂದೇ ಲೆಕ್ಕ ಸಾರ್. ಕ್ಲೀನ್ ಮಾಡಿ ನೋಡ್ತೀನಿ. ಬೀಳ್ಲಿಲ್ಲ ಅಂದ್ರೆ ಹೊಸದೇ ಹಾಕೋದು. ಒಳಗೆ ಕೈಯಾಡಿಸಿ ಕೊಟ್ರೆ, ಬಿದ್ದಂಗೆ ಸದ್ದು ಮಾಡುತ್ತೆ, ಹಿಡಿಯುತ್ತೋ ಇಲ್ವೋ ಯಾರಿಗೆ ಗೊತ್ತು?” ತಕಾಟಾ ಪ್ರಕರಣದ ಸಾರವೂ ಅದೇ. ಪೂರ್ತಿ ಬೀಳದ ಲಾಕಿಗಿಂತ ಬಿದ್ದಂತೆ ನಟಿಸುವ ಲಾಕ್ ಅಪಾಯಕಾರಿ.

ಹೊಸ ಬಕಲ್ ಕೊಳ್ಳುವಾಗ ಕಾರಿನ ಮಾದರಿ, ವರ್ಷ, ಎಡವೋ ಬಲವೋ ಹೇಳಿ ಕಂಪನಿಯ ಸಾಮಾನನ್ನೇ ಕೇಳಿ. ಒಂದು ಕಂಪನಿಯ ನಾಲಿಗೆ ಇನ್ನೊಂದರ ಬಕಲಿಗೆ ಹೋದಂತೆ ಕಂಡರೂ ಹಿಡಿತ ಸರಿ ಬರುವುದಿಲ್ಲ. ಸಣ್ಣ ಕಾರುಗಳಿಗೆ ಇದರ ಬೆಲೆ ಒಂದು ಹೊಸ ಟೈರಿಗಿಂತ ಕಡಿಮೆ. ಗುಜರಿಯಿಂದ ತಂದ ಬಕಲ್ ಬೇಡ. ಅದು ಯಾವ ಅಪಘಾತದಲ್ಲಿ ಎಷ್ಟು ಬಲ ತಿಂದು ಬಂದಿದೆ ಎಂಬುದು ಹೊರಗಿನಿಂದ ತಿಳಿಯುವುದಿಲ್ಲ. ನಿಮ್ಮದೇ ಕಾರು ಜೋರಾಗಿ ಗುದ್ದಿಸಿಕೊಂಡಿದ್ದರೂ ಅಷ್ಟೇ, ಆಗ ಹಾಕಿಕೊಂಡಿದ್ದ ಬೆಲ್ಟ್ ಮತ್ತು ಬಕಲ್ ಎರಡನ್ನೂ ಬದಲಿಸಬೇಕು. ಬಕಲನ್ನು ಹಿಡಿದಿರುವ ಬೋಲ್ಟನ್ನು ಕಂಪನಿ ಹೇಳಿದ ಬಿಗಿತಕ್ಕೆ ಟಾರ್ಕ್ ಸ್ಪ್ಯಾನರ್‌ನಲ್ಲಿ ಬಿಗಿಸಬೇಕು, ಅಂಗಡಿಯಲ್ಲಿ ಸಿಕ್ಕ ಬೇರೆ ಬೋಲ್ಟ್ ಹಾಕಬಾರದು.

ಏರ್‌ಬ್ಯಾಗ್ ಇರುವ ಕಾರಾದರೆ ಇನ್ನೊಂದು ಎಚ್ಚರಿಕೆ. ಕೆಲವು ಮಾದರಿಗಳಲ್ಲಿ ಡಿಕ್ಕಿಯಾದ ಕ್ಷಣ ಬೆಲ್ಟನ್ನು ಬಿಗಿಯಾಗಿ ಎಳೆಯಲು ಬಕಲಿನ ಬುಡದಲ್ಲೇ ಸಣ್ಣ ಸಿಡಿಮದ್ದಿನ ಸಾಧನ ಇರುತ್ತದೆ. ಅಂಥದ್ದನ್ನು ಮನೆಯಲ್ಲಿ ಬಿಚ್ಚಬಾರದು. ಗೊತ್ತಿರುವವರು ಬ್ಯಾಟರಿ ವೈರ್ ಕಳಚಿ, ಕಂಪನಿ ಹೇಳಿದಷ್ಟು ಹೊತ್ತು ಕಾದು ಕೆಲಸ ಮಾಡುತ್ತಾರೆ.

ಹಿಂದಿನ ಸೀಟಿನದು ಬೇರೆಯೇ ಕತೆ. ನಮ್ಮ ಜಿಲ್ಲೆಯಲ್ಲಿ ಮದುವೆಗೆ, ಧರ್ಮಸ್ಥಳಕ್ಕೆ, ದೊಡ್ಡಾಸ್ಪತ್ರೆಗೆ ಬಾಡಿಗೆಗೆ ಹೋಗುವ ಹಳೇ ಗಾಡಿಗಳ ಹಿಂದಿನ ಸೀಟಿನಲ್ಲಿ ಬಕಲ್ ಹುಡುಕಿದರೆ ಬಹಳ ಸಲ ಸಿಗುವುದಿಲ್ಲ. ಹೊಸ ಸೀಟ್ ಕವರ್ ಹೊಲಿಸುವಾಗ ಒಳಗೇ ಮುಚ್ಚಿಹೋಗಿರುತ್ತದೆ. ಅಲ್ಲಿ ರಿಪೇರಿಗೆ ಬೇಕಾದ್ದು ಒಂದು ಕತ್ತರಿ ಮತ್ತು ಹತ್ತು ನಿಮಿಷ. ಕವರಿಗೆ ಸೀಳು ಕೊಟ್ಟು ಬಕಲುಗಳನ್ನು ಮೇಲಕ್ಕೆ ತೆಗೆಯಿರಿ. ಒಂದೊಂದನ್ನೂ ಹಾಕಿ, ಜಗ್ಗಿ, ಬಿಡಿಸಿ ನೋಡಿ. ಮುಂದಿನ ಬಾಡಿಗೆಗೆ ಹೋಗುವ ಮೊದಲು ಇಷ್ಟಾದರೆ ಸಾಕು.